ಎಡಗಂಕುಳ ಫ್ಲಾಸ್ಕು

ಮದುವೆಯಾಗಿ ನಲವತ್ತಾರು ವರ್ಷ ಕಳೆದ ಹೆಂಗಸಿಗೆ ದಿನಕ್ಕೆ ಮೂರು ಗಂಟೆ ಗಂಡನಿಲ್ಲದ ಮನೆ ಬೇಕೇ ಬೇಕು. ಇದು ದುರಾಸೆಯಲ್ಲ, ಔಷಧ. ನನಗೆ ಈ ಔಷಧ ಮೂವತ್ತು ವರ್ಷ ತಪ್ಪದೆ ಸಿಕ್ಕಿತು. ನಮ್ಮ ಯಜಮಾನರು ನಿಕಾನೋರ್ ಮಧ್ಯಾಹ್ನ ಎರಡಕ್ಕೆ ಚೆಂಡಿನ ಚೀಲ ಹೆಗಲಿಗೇರಿಸಿಕೊಂಡು ಇಟ್ಟಿಗೆಗೂಡು ಕ್ಲಬ್ಬಿನ ಮೈದಾನಕ್ಕೆ ಹೊರಟರೆ, ವಾಪಸು ಬರುವುದು ಐದಕ್ಕೆ. ಗೋಲ್‌ಕೀಪರುಗಳಿಗೆ ಕಾಲು ಹೇಗಿಡಬೇಕು, ಹೇಗೆ ಹಾರಬೇಕು, ಹಾರಿದ ಮೇಲೆ ಮೂಳೆ ಮುರಿಯದೆ ಹೇಗೆ ಬೀಳಬೇಕು ಎಂದು ಕಲಿಸುವುದು ಅಲ್ಲಿ ಅವರ ಕೆಲಸ. ಸಂಬಳವಿಲ್ಲ. ಸಂಬಳ ಕೇಳಿದರೆ ಎಲ್ಲಿ ಬಿಡಿಸಿಬಿಡುತ್ತಾರೋ ಎಂಬ ಭಯದಿಂದ ನಾನೇ ಕೇಳಗೊಟ್ಟಿಲ್ಲ.

(ಎದುರಿಗೆ ನಾನು ಅವರನ್ನು ‘ಮುದುಕಾ’ ಎಂದೇ ಕರೆಯುವುದು, ಅವರು ನನ್ನನ್ನು ‘ಮುದುಕಿ’ ಎಂದು. ಉರುಗ್ವೆ ದೇಶದ ನಮ್ಮ ಪೈಸಾಂದು ಊರಿನಲ್ಲಿ ಗಂಡಹೆಂಡತಿ ಇಪ್ಪತ್ತೈದಕ್ಕೇ ಹೀಗೆ ಕರೆದುಕೊಳ್ಳಲು ಶುರುಮಾಡುತ್ತಾರೆ. ನಿಜವಾಗಿ ಮುದುಕರಾಗುವ ಹೊತ್ತಿಗೆ ಅಭ್ಯಾಸವಾಗಿರುತ್ತದೆ, ಬೇಜಾರಾಗುವುದಿಲ್ಲ. ಬರವಣಿಗೆಯಲ್ಲಾದರೂ ಮರ್ಯಾದೆ ಇರಲಿ ಎಂದು ‘ಅವರು’ ಎನ್ನುತ್ತಿದ್ದೇನೆ.)

ಆ ಮೂರು ಗಂಟೆಯಲ್ಲಿ ನಾನು ಘನಕಾರ್ಯವೇನೂ ಮಾಡುತ್ತಿರಲಿಲ್ಲ. ಕಿಟಕಿಯ ಪಕ್ಕ ನನ್ನ ಕುರ್ಚಿ. ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಪಾದ. ಮೂರು ಗಂಟೆಗೆ ರೇಡಿಯೋದಲ್ಲಿ ಧಾರಾವಾಹಿ. ಅದರಲ್ಲಿ ಎಸ್ತೆಲಿತಾ ಎಂಬ ಹುಡುಗಿ ಆರು ವರ್ಷದಿಂದ ಮದುವೆಯಾಗುವುದರಲ್ಲಿದ್ದಾಳೆ, ಇನ್ನೂ ಆಗಿಲ್ಲ. ಯಜಮಾನರು ಮನೆಯಲ್ಲಿದ್ದರೆ ಇದನ್ನು ಕೇಳಲು ಸಾಧ್ಯವೇ ಇಲ್ಲ. “ಬಾಗಿಲು ತೆಗೆದು ನೋಡಬಾರದೇನೇ ಅವಳು? ನಿಂತಲ್ಲೇ ನಿಂತರೆ ಆಗತ್ತಾ? ಒಂದು ಹೆಜ್ಜೆ ಮುಂದೆ ಬಾ!” ಎಂದು ಎಸ್ತೆಲಿತಾಗೂ ತರಬೇತಿ ಕೊಡಲು ಶುರುಮಾಡುತ್ತಾರೆ. ಮಳೆ ಬಂದ ದಿನ ಮಾತ್ರ ಮೂರೂವರೆಗೇ ಬಾಗಿಲಲ್ಲಿ ಪ್ರತ್ಯಕ್ಷ. “ಇಷ್ಟು ಬೇಗ ಬಂದ್ಯಾ, ಮುದುಕಾ?” ಎಂದು ಕೇಳುತ್ತೇನೆ. ಆ ಪ್ರಶ್ನೆಯಲ್ಲಿ ಪ್ರೀತಿ ಇದೆ ಎಂದು ಅವರು ಮೂವತ್ತು ವರ್ಷದಿಂದ ನಂಬಿಕೊಂಡಿದ್ದಾರೆ.

ಇಂಥ ಸುಭಿಕ್ಷ ಸಾಮ್ರಾಜ್ಯಕ್ಕೆ ಒಂದು ಸೋಮವಾರ ಬೆಳಿಗ್ಗೆ ಕುತ್ತು ಬಂತು. ಅದು ಬಂದದ್ದು ಕ್ಲಬ್ಬಿನ ಅಧ್ಯಕ್ಷ ಅಪಾರಿಸಿಯೋನ ರೂಪದಲ್ಲಿ. ಅವನು ಮಾಂಸದಂಗಡಿಯವನು, ರಕ್ತ ಮೆತ್ತಿದ ಏಪ್ರನ್ನಿನಲ್ಲೇ ಬಂದು ಕೂತ. ನಾನು ಸೋರೆ ಬುರುಡೆಗೆ ಮಾಟೆ ಸೊಪ್ಪಿನ ಪುಡಿ ತುಂಬಿ, ಬಿಸಿನೀರು ಹೊಯ್ದು, ಹೀರುವ ಕೊಳವೆ ಅವನ ಕಡೆ ತಿರುಗಿಸಿ ಕೊಟ್ಟೆ. ಅವನು ಕೊನೆಯ ಹನಿವರೆಗೂ ಹೀರಿದ, ಆಮೇಲೆ ಬಾಯಿ ಬಿಟ್ಟ.

“ನಿಕಾನೋರ್, ನಾಲ್ಕು ಪಂದ್ಯದಲ್ಲಿ ಏಳು ಗೋಲು. ಏಳೂ ಎಡಗಡೆ ಕೆಳಮೂಲೇಲಿ. ಬಂದರು ಕ್ಲಬ್ಬಿನವರು ಆ ಮೂಲೆಗೆ ಹೆಸರೇ ಇಟ್ಟಿದಾರೆ, ‘ಸಾರ್ವಜನಿಕ ಗ್ರಂಥಾಲಯ’ ಅಂತ. ಯಾರು ಬೇಕಾದ್ರೂ ಒಳಗೆ ಹೋಗಬಹುದಂತೆ.”

“ಎಲ್ಬಿಯೋ ಕಲೀತಾನೆ ಕಣಯ್ಯಾ,” ಎಂದರು ಯಜಮಾನರು, ತಮ್ಮ ಕೀಪರನ ಪರ ವಹಿಸಿ. “ಕಾಲು ಸ್ವಲ್ಪ ನಿಧಾನ, ಅಷ್ಟೇ.”

“ಸಮಿತಿಯವರು ಕಾಯಲ್ಲಪ್ಪ. ಮೂರು ವಾರ ಬಿಟ್ಟು ಬಂದರಿನವರ ಜೊತೆ ಪಂದ್ಯ. ಅವತ್ತು ಎಡಗಡೆ ಇನ್ನೊಂದು ಗೋಲು ಹೋದ್ರೆ ರಾಜಧಾನಿಯಿಂದ ಡಿಪ್ಲೊಮಾ ಮಾಡಿದ ಒಬ್ಬನನ್ನ ಕರೆಸ್ತಾರೆ. ನಿನಗೆ ಸನ್ಮಾನ ಮಾಡಿ ಮನೇಲಿ ಕೂರಿಸ್ತಾರೆ.”

ನಾನು ಬುರುಡೆಗೆ ಮತ್ತೆ ನೀರು ಹೊಯ್ದು ಯಜಮಾನರ ಕೈಗೆ ಕೊಡಲು ಹೋದೆ. ಅವರು “ಥ್ಯಾಂಕ್ಸ್” ಎಂದರು. ಮಾಟೆ ಕುಡಿಯುವಾಗ ನಮ್ಮಲ್ಲಿ ಥ್ಯಾಂಕ್ಸ್ ಎಂದರೆ ‘ಇನ್ನು ಬೇಡ’ ಎಂದು ಅರ್ಥ. ನಲವತ್ತಾರು ವರ್ಷದಲ್ಲಿ ಅವರು ಮೊದಲ ಸುತ್ತಿಗೇ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು. ಅವರಪ್ಪ ಸತ್ತ ದಿನ ಕೂಡ ಐದು ಸುತ್ತು ಕುಡಿದಿದ್ದರು.

ಅಪಾರಿಸಿಯೋ ಹೋದಮೇಲೆ ನಾನು ಸಮಾಧಾನ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ನನಗೆ ಸಮಾಧಾನ ಹೇಳಿದರು.

“ಬಿಡಿಸಿದ್ರೆ ಬಿಡಿಸಲಿ ಬಿಡೇ ಮುದುಕಿ. ಇಡೀ ದಿನ ನಿನ್ನ ಜೊತೇಲೇ ಇರ್ತೀನಿ. ಈ ಅಡುಗೆಮನೆ ನೋಡು, ಒಂದು ಶಿಸ್ತಿಲ್ಲ. ಉಪ್ಪು ಅಲ್ಲಿ, ಒಲೆ ಇಲ್ಲಿ. ಉಪ್ಪು ತಗೊಳೋಕೆ ಹೋಗುವಾಗ ನೀನು ಕಾಲು ಅಡ್ಡ ಹಾಕ್ತೀಯ. ಕಾಲು ಅಡ್ಡ ಹಾಕಿದ್ರೆ ಮುಗೀತು, ಆ ಗಳಿಗೇಲಿ ಯಾವನಾದ್ರೂ ಚೆಂಡು ಒದ್ದ ಅಂತ ಇಟ್ಕೋ…”

“ನನ್ನ ಅಡುಗೆಮನೇಲಿ ಯಾವನು ಚೆಂಡು ಒದೀತಾನೆ?”

“ಮಾತಿಗೆ ಹೇಳಿದೆ. ನೋಡಿಲ್ಲಿ, ಚಿಕ್ಕ ಹೆಜ್ಜೆ, ಪಕ್ಕಕ್ಕೆ ಜಾರಬೇಕು. ಹಿಂಗೆ, ಹಿಂಗೆ.” ಎಂದು ಮೊಣಕಾಲು ಬಾಗಿಸಿ, ಎರಡೂ ಕೈ ಮುಂದೆ ಚಾಚಿ, ಒಲೆಯಿಂದ ಬೀರುವಿನವರೆಗೆ ಏಡಿಯಂತೆ ಸರಿದು ತೋರಿಸಿದರು. ಸಂಜೆಯೊಳಗೆ ನನ್ನ ಉಪ್ಪು, ಎಣ್ಣೆ, ಸಕ್ಕರೆ ಎಲ್ಲಾ ಗೋಲರಕ್ಷಣಾ ಶಾಸ್ತ್ರದ ಪ್ರಕಾರ ಸ್ಥಾನಪಲ್ಲಟಗೊಂಡಿದ್ದವು. ಆ ರಾತ್ರಿ ಸಾರಿಗೆ ಸಕ್ಕರೆ ಬಿತ್ತು.

ನಾನು ಆಗಲೇ ತೀರ್ಮಾನಿಸಿದೆ. ಎಲ್ಬಿಯೋನ ಎಡಮೂಲೆ ಮುಚ್ಚಲೇಬೇಕು. ಅದು ಕ್ಲಬ್ಬಿನ ಮಾನದ ಪ್ರಶ್ನೆಯಾಗಿತ್ತೋ ಏನೋ, ನನಗೆ ನನ್ನ ಕುರ್ಚಿಯ ಪ್ರಶ್ನೆ.

ನಾನು ಓದಿದ್ದು ಮೂರನೇ ಕ್ಲಾಸು. ಚೆಂಡನ್ನು ಒಮ್ಮೆಯೂ ಒದ್ದವಳಲ್ಲ. ಆದರೆ ಮೂವತ್ತು ವರ್ಷ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಕೀಪರ್ ಮಾಡಿ, ಫೋರ್ಕುಗಳನ್ನು ಗೋಲುಕಂಬ ಮಾಡಿ ಯಜಮಾನರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಹಿಮ್ಮಡಿ ಎತ್ತಿರಬೇಕು. ಚೆಂಡಿನ ಕಡೆಯ ಕಾಲಿನಿಂದಲೇ ನೆಲ ಒತ್ತಿ ಹಾರಬೇಕು. ಮೊದಲು ಕೈ ಹೋಗಬೇಕು, ಮೈ ಹಿಂದಿನಿಂದ ಬರಬೇಕು. ಬೀಳುವಾಗ ಹೊಟ್ಟೆಯ ಮೇಲೆ ಬೀಳಬಾರದು, ಪಕ್ಕೆಯ ಮೇಲೆ ಉರುಳಬೇಕು. ಇಷ್ಟನ್ನು ನಾನು ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಅದಕ್ಕೇ ಮರುದಿನ ಮಡಿಸುವ ಕುರ್ಚಿ, ಮಾಟೆಗೆ ಬಿಸಿನೀರು ತುಂಬಿದ ನನ್ನ ಫ್ಲಾಸ್ಕು, ಬುರುಡೆ ಹಿಡಿದು ಯಜಮಾನರ ಹಿಂದೆಯೇ ಮೈದಾನಕ್ಕೆ ಹೊರಟೆ.

“ನೀನ್ಯಾಕೆ?” ಎಂದರು.

“ನಿನ್ನ ಕೊನೇ ದಿನಗಳನ್ನ ಕಣ್ತುಂಬ ನೋಡೋಣ ಅಂತ,” ಎಂದೆ. ಅವರ ಕಣ್ಣು ತುಂಬಿ ಬಂತು. (ಪಾಪ ಸುತ್ತಿಕೊಳ್ಳುತ್ತದೆ, ಗೊತ್ತು.)

ಎಲ್ಬಿಯೋ ಆರಡಿ ಎತ್ತರದ ಒಳ್ಳೆಯ ಮನುಷ್ಯ. ಮನೆಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ನಮ್ಮ ಗೋಡೆಗೂ ಅವನೇ ಬಳಿದಿದ್ದು. ಅವನನ್ನು ಗೋಲಿನಲ್ಲಿ ನಿಲ್ಲಿಸಿ ಯಜಮಾನರು ಬಲಗಡೆಗೆ ಚೆಂಡು ಒದ್ದರೆ, ಬೆಕ್ಕು. ಎರಡು ಚಿಕ್ಕ ಹೆಜ್ಜೆ, ಒಂದು ನೆಗೆತ, ಚೆಂಡು ಅಂಗೈಯಲ್ಲಿ. ಎಡಗಡೆಗೆ ಒದ್ದರೆ, ಹಿಟ್ಟಿನ ಮೂಟೆ. ಧೊಪ್ಪೆಂದು ಬೀಳುತ್ತಿದ್ದ, ಚೆಂಡು ಅವನ ಮುಂದಿನಿಂದ ನಮಸ್ಕಾರ ಹೇಳಿ ಒಳಗೆ ಹೋಗುತ್ತಿತ್ತು.

“ಕಾಲೋ, ಕಾಲು! ಅಡ್ಡ ಹಾಕ್ಬೇಡ! ಎಡಗಾಲಲ್ಲಿ ಒತ್ತು!” ಎಂದು ಯಜಮಾನರು ಗಂಟಲು ಹರಿದುಕೊಳ್ಳುತ್ತಿದ್ದರು.

ನಾನು ಕಾಲನ್ನೇ ನೋಡಿದೆ. ಕಾಲಿನಲ್ಲಿ ಏನೂ ತಪ್ಪಿರಲಿಲ್ಲ. ಎಡಗಾಲು ಚೆನ್ನಾಗಿಯೇ ಒತ್ತುತ್ತಿತ್ತು. ಮೈಯೂ ಹಾರುತ್ತಿತ್ತು. ಎಡಗೈ ಮಾತ್ರ ಪಕ್ಕೆಗೆ ಅಂಟಿಕೊಂಡೇ ಇತ್ತು, ಹೊಲಿದು ಬಿಟ್ಟ ಹಾಗೆ. ಯಾಕಪ್ಪಾ ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ವಿರಾಮವಾಯಿತು. ಎಲ್ಬಿಯೋ ಗೋಲುಕಂಬದ ಹತ್ತಿರ ಹೋಗಿ, ಅಲ್ಲಿಟ್ಟಿದ್ದ ತನ್ನ ಫ್ಲಾಸ್ಕು ಎತ್ತಿ ಎಡಗಂಕುಳಿಗೆ ಸಿಕ್ಕಿಸಿದ. ಕೈ ‘ಟಪ್’ ಎಂದು ಮುಚ್ಚಿಕೊಂಡಿತು, ಬೀಗ ಹಾಕಿದ ಹಾಗೆ.

ಹೊಳೆಯಿತು! ಸುತ್ತ ನೋಡಿದೆ. ಆಟ ನೋಡಲು ಬಂದಿದ್ದ ಅಪಾರಿಸಿಯೋನ ಎಡಗಂಕುಳಲ್ಲಿ ಫ್ಲಾಸ್ಕು. ನಮ್ಮ ಯಜಮಾನರ ಎಡಗಂಕುಳಲ್ಲಿ ಫ್ಲಾಸ್ಕು. ಬಗ್ಗಿ ನೋಡಿಕೊಂಡರೆ ನನ್ನ ಎಡಗಂಕುಳಲ್ಲೂ ಫ್ಲಾಸ್ಕು. ಇಡೀ ಉರುಗ್ವೆ ದೇಶವೇ ಎಡಗೈಯನ್ನು ಬಿಸಿನೀರಿಗೆ ಬರೆದುಕೊಟ್ಟು ಬಲಗೈ ಒಂದರಿಂದಲೇ ಸಂಸಾರ ನಡೆಸುತ್ತಿದೆ.

“ಎಲ್ಬಿಯೋ, ಬಾರಪ್ಪ ಇಲ್ಲಿ. ಫ್ಲಾಸ್ಕು ಯಾವಾಗಿಂದ ಹಿಡೀತಿದೀಯ?”

“ಏಳನೇ ವಯಸ್ಸಿಂದ, ದೋನ್ಯಾ ತೋಮಾಸಾ.” (ತೋಮಾಸಾ ನನ್ನ ಹೆಸರು, ದೋನ್ಯಾ ಎಂದರೆ ನಮ್ಮಲ್ಲಿ ‘ಅಮ್ಮಾವ್ರೇ’ ಎಂದ ಹಾಗೆ.)

“ಬಣ್ಣ ಬಳಿಯುವಾಗ?”

“ಬಲಗೈಲಿ ಬ್ರಷ್ಷು. ಎಡಗಡೆ ಇದು.”

“ಏಣಿ ಹತ್ತುವಾಗ?”

“ಏಣಿ ಹತ್ತೋದು ಕಷ್ಟ ಏನಲ್ಲ. ಒಂದು ಕೈ ಸಾಕಾಗತ್ತೆ.” ನಾಚಿಕೊಂಡು ಸೇರಿಸಿದ: “ನಮ್ಮ ಹುಡುಗೀನ ಡ್ಯಾನ್ಸಿಗೆ ಕರ್ಕೊಂಡು ಹೋದಾಗ್ಲೂ ಇತ್ತು. ಅವಳೇನೂ ಅನ್ನಲಿಲ್ಲ. ಅವಳ ಹತ್ರಾನೂ ಒಂದಿತ್ತು.”

ನಾನು ಯಜಮಾನರನ್ನು ಕರೆದು ಹೇಳಿದೆ. ಅವರು ನಕ್ಕರು. ಮೂವತ್ತು ವರ್ಷ ಕಾಲನ್ನೇ ನೋಡಿದವರಿಗೆ ಕಂಕುಳಿನ ಮಾತು ಹೇಳಿದರೆ ನಗು ಬರದೆ ಇರುತ್ತದೆಯೇ? ಆದರೆ ಅವರ ಹತ್ತಿರ ಬೇರೆ ಉಪಾಯವೂ ಇರಲಿಲ್ಲ. “ಏನಾದ್ರೂ ಮಾಡ್ಕೋ,” ಎಂದರು.

ನನ್ನ ಮೊದಲ ಚಿಕಿತ್ಸೆ ಬಹಳ ಸುಲಭದ್ದು. ಫ್ಲಾಸ್ಕನ್ನು ಬಲಗಂಕುಳಿಗೆ ಬದಲಾಯಿಸಿದೆ. ಒಂದು ವಾರ ಹಾಗೇ ಓಡಾಡು ಎಂದೆ. ಎಲ್ಬಿಯೋ ವಿಧೇಯ, ಹಾಗೇ ಓಡಾಡಿದ. ಎಡಗೈಯಲ್ಲಿ ಬಣ್ಣ ಬಳಿದು ಪಾದ್ರಿಯ ಮನೆಯ ಕಿಟಕಿಯ ಗಾಜಿಗೂ ಬಳಿದು ಬೈಸಿಕೊಂಡ. ಎಂಟನೇ ದಿನ ಗೋಲಿನಲ್ಲಿ ನಿಲ್ಲಿಸಿದೆವು. ಎಡಗೈ ಇನ್ನೂ ತೆರೆದಿರಲಿಲ್ಲ. ಈಗ ಬಲಗೈಯೂ ಮುಚ್ಚಿಕೊಂಡಿತ್ತು.

“ಭಲೇ ಮುದುಕಿ!” ಎಂದರು ಯಜಮಾನರು. “ಮೊದಲು ಗ್ರಂಥಾಲಯ ಒಂದೇ ಇತ್ತು. ನೀನು ಶಾಖೆ ತೆಗೆಸಿದೆ.”

ಎರಡನೇ ಚಿಕಿತ್ಸೆ, ಪೂರ್ಣ ಪಥ್ಯ. ಫ್ಲಾಸ್ಕು ಮುಟ್ಟಲೇ ಕೂಡದು. ಬಲಗೈ ಎರಡೇ ದಿನದಲ್ಲಿ ಮೊದಲಿನಂತಾಯಿತು. ಎಡಗೈ ಮಾತ್ರ ಇಲ್ಲದ ಫ್ಲಾಸ್ಕನ್ನು ಬಿಗಿಯಾಗಿ ಹಿಡಿದೇ ಇತ್ತು. ಬರೀ ಗಾಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯಲ್ಲಿ ಹೋಗುತ್ತಿದ್ದ ಆರಡಿ ಮನುಷ್ಯನನ್ನು ನೋಡಿ ಜನ ರಸ್ತೆ ದಾಟಿ ಹೋಗುತ್ತಿದ್ದರು. ಅವನ ತಾಯಿ ನೆಲಿ ನಮ್ಮ ಮನೆಗೇ ಬಂದಳು.

“ತೋಮಾಸಾ, ನನ್ನ ಮಗನಿಗೆ ಏನು ಮಾಡ್ದೆ? ಫ್ಲಾಸ್ಕಿಲ್ದೆ ಹೊರಗೆ ಹೋಗ್ತಾನೆ! ಪಕ್ಕದ ಮನೆಯವಳು ‘ಕೆಲಸ ಹೋಯ್ತೇನ್ರೀ?’ ಅಂತ ಕೇಳ್ತಾಳೆ. ಇನ್ನೊಬ್ಬಳು ಕರುಳಿನ ಕಾಯಿಲೆ ಅಂತ ಪ್ರಾರ್ಥನೆ ಬೇರೆ ಶುರು ಮಾಡಿದಾಳೆ!”

“ಇನ್ನು ಹತ್ತು ದಿನ ತಡ್ಕೋ ನೆಲಿ. ನಿನ್ನ ಮಗ ರಾಜನ ಹಾಗೆ ಹೊಳೀತಾನೆ.” ಎಂದು ಧೈರ್ಯವಾಗಿ ಹೇಳಿ ಕಳಿಸಿದೆ. ನನ್ನ ಧೈರ್ಯಕ್ಕೆ ಕಾರಣವೇನೂ ಇರಲಿಲ್ಲ, ಆದರೆ ಧೈರ್ಯವಿತ್ತು.

ಆ ಮಧ್ಯಾಹ್ನ ಮೈದಾನದಲ್ಲಿ ಮಡಿಸುವ ಕುರ್ಚಿಯಲ್ಲಿ ಕೂತು ಯೋಚಿಸಿದೆ. (ಎಸ್ತೆಲಿತಾಳನ್ನು ಕೇಳದೆ ಎರಡು ವಾರವಾಗಿತ್ತು. ಅವಳ ಮದುವೆ ನಡೆದೇಹೋಗಿದ್ದರೆ ಎಂಬ ಸಂಕಟ ಬೇರೆ.) ಫ್ಲಾಸ್ಕು ಹಿಡಿಯದಿರುವುದನ್ನು ಕಲಿಸಿದರೆ ಉಪಯೋಗವಿಲ್ಲ. ಹಿಡಿದ ಫ್ಲಾಸ್ಕನ್ನು ಬಿಡುವುದನ್ನು ಕಲಿಸಬೇಕು. ಅದೂ ಖಾಲಿಯದಲ್ಲ. ಕೈ ಮೋಸ ಹೋಗುವುದಿಲ್ಲ, ಅದಕ್ಕೆ ಭಾರ ಗೊತ್ತು, ಬಿಸಿ ಗೊತ್ತು. ತುಂಬಿದ ಫ್ಲಾಸ್ಕನ್ನೇ, ಚೆಂಡು ಬರುವ ಗಳಿಗೆಯಲ್ಲಿ, ನೆಲಕ್ಕೆ ಬೀಳಲು ಬಿಡಬೇಕು.

ನಮ್ಮ ಕಡೆ ಸ್ಟೀಲ್ ಫ್ಲಾಸ್ಕು ಇನ್ನೂ ಬಂದಿಲ್ಲ. ಎಲ್ಲವೂ ಗಾಜಿನ ಹೊಟ್ಟೆಯವು, ಬಿದ್ದರೆ ಸತ್ತವು. ಮುಚ್ಚಳ ಹೋದವು, ಹಿಡಿ ಮುರಿದವು, ತುಕ್ಕು ಹಿಡಿದವು ಎಂದು ಮನೆಮನೆ ಸುತ್ತಿ ಹನ್ನೊಂದು ಹಳೆ ಫ್ಲಾಸ್ಕು ಒಟ್ಟುಮಾಡಿದೆ. ಯಾಕೆ ಎಂದು ಕೇಳಿದವರಿಗೆ ‘ಪುಣ್ಯಕಾರ್ಯಕ್ಕೆ’ ಎಂದೆ. ಒಡೆಯುವುದಕ್ಕೆ ಎಂದಿದ್ದರೆ ಒಬ್ಬರೂ ಕೊಡುತ್ತಿರಲಿಲ್ಲ, ಪೊಲೀಸರಿಗೆ ಹೇಳುತ್ತಿದ್ದರು.

ಅಪಾರಿಸಿಯೋ ಚೆಂಡು ಒದೆಯಲು ಬಂದ. ಯಜಮಾನರು ಎಡಗಂಬದ ಪಕ್ಕ ಎರಡು ಹೆಜ್ಜೆ ದೂರದಲ್ಲಿ ಕಾಲು ನೋಡಲು ನಿಂತರು. ಎಲ್ಬಿಯೋನ ಕಂಕುಳಲ್ಲಿ ಬಿಸಿನೀರು ತುಂಬಿದ ಫ್ಲಾಸ್ಕು.

“ಚೆಂಡು ಬಂದ ಕೂಡ್ಲೇ ಕೈ ಬಿಡು!” ಎಂದೆ.

ಚೆಂಡು ಬಂತು. ಎಲ್ಬಿಯೋ ಫ್ಲಾಸ್ಕಿನ ಸಮೇತ ಹಾರಿ, ಅದನ್ನು ಹಸುಗೂಸಿನಂತೆ ಅಪ್ಪಿಕೊಂಡು ಬೆನ್ನ ಮೇಲೆ ಬಿದ್ದ. ಫ್ಲಾಸ್ಕಿಗೆ ಒಂದು ಗೀರೂ ಆಗಲಿಲ್ಲ. ಗೋಲು.

“ಬಿಡೋ ಅಂದ್ರೆ!”

“ಆಗ್ತಾ ಇಲ್ಲ ದೋನ್ಯಾ! ನಾನು ಬಿಡ್ತೀನಿ, ಕೈ ಬಿಡಲ್ಲ!”

ಮೂರು ದಿನ ಇದೇ ಆಯಿತು. ನಾಲ್ಕನೇ ದಿನ ಅಪಾರಿಸಿಯೋ ಬಲವಾಗಿ ಒದ್ದ. ಎಲ್ಬಿಯೋ ಕಣ್ಣುಮುಚ್ಚಿ, ಶಿಲುಬೆ ಗುರುತು ಹಾಕಿಕೊಂಡು, ತೋಳು ಎತ್ತಿಬಿಟ್ಟ! ಫ್ಲಾಸ್ಕು ಜಾರಿತು. ಅಷ್ಟರಲ್ಲಿ ಪಕ್ಕದಿಂದ ಏನೋ ಹಾರಿತು. ನಮ್ಮ ಯಜಮಾನರು! ಎಪ್ಪತ್ತನಾಲ್ಕು ವರ್ಷದ ಮನುಷ್ಯ! ಎರಡು ಚಿಕ್ಕ ಹೆಜ್ಜೆ, ಕಾಲು ಅಡ್ಡ ಹಾಕಲಿಲ್ಲ, ಹತ್ತಿರದ ಕಾಲಿನಿಂದ ಒತ್ತಿದರು, ಮೊದಲು ಕೈ ಹೋಯಿತು, ಮೈ ಹಿಂದಿನಿಂದ ಬಂತು, ನೆಲಕ್ಕೆ ಇನ್ನು ಒಂದು ಗೇಣು ಇದೆ ಎನ್ನುವಾಗ ಫ್ಲಾಸ್ಕನ್ನು ಹಿಡಿದು ಪಕ್ಕೆಯ ಮೇಲೆ ಮೃದುವಾಗಿ ಉರುಳಿದರು.

ಚೆಂಡು ಎಲ್ಲಿ ಹೋಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಪಾರಿಸಿಯೋ ಟೋಪಿ ತೆಗೆದ.

“ಒಂದು ಹನಿ ಚೆಲ್ಲಿಲ್ಲ, ನೋಡೇ ಮುದುಕಿ,” ಎಂದರು ಯಜಮಾನರು ಮಲಗಿದಲ್ಲಿಂದಲೇ. “ಎತ್ತಿ ಕೂರಿಸಿ ಯಾರಾದ್ರೂ.”

“ಯಾಕೋ ಹಿಡಿದೆ, ಹಾಳಾದವನೇ? ಒಡೀಲಿ ಅಂತ ತಾನೇ ಬಿಟ್ಟಿದ್ದು?”

“ಬೀಳ್ತಾ ಇತ್ತಲ್ಲೇ! ಬೀಳ್ತಾ ಇರೋದನ್ನ ನೋಡ್ಕೊಂಡು ಹೆಂಗೆ ನಿಲ್ಲಲಿ?”

ಮರುದಿನದಿಂದ ಅವರು ಗೋಲಿಗೆ ಬೆನ್ನು ಹಾಕಿ ನಿಲ್ಲಬೇಕೆಂದು ನನ್ನ ಕಟ್ಟಪ್ಪಣೆಯಾಯಿತು. ಫ್ಲಾಸ್ಕುಗಳು ಒಂದೊಂದಾಗಿ ವೀರಮರಣ ಹೊಂದಿದವು. ಪ್ರತಿ ‘ಫಳ್’ ಸದ್ದಿಗೂ ಯಜಮಾನರ ಬೆನ್ನು ನಡುಗುತ್ತಿತ್ತು. ಐದನೆಯದಕ್ಕೆ ಎಲ್ಬಿಯೋ ಕಣ್ಣೀರು ಹಾಕಿದ. ಎಂಟನೆಯದಕ್ಕೆ ನಿಟ್ಟುಸಿರು ಬಿಟ್ಟ, ಅಷ್ಟೇ. ಹನ್ನೊಂದನೆಯದು ಒಡೆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಎಡಗೈ ಕಿಟಕಿಯ ಬಾಗಿಲಿನಂತೆ ಪೂರ್ತಿ ತೆರೆದುಕೊಂಡು ಚೆಂಡನ್ನು ಕಂಬದಾಚೆ ತಳ್ಳಿತ್ತು.

ಪಂದ್ಯದ ಭಾನುವಾರ ನಾನು ಗೋಲಿನ ಹಿಂದೆಯೇ ನಿಂತೆ. ಎಡಗಂಕುಳಲ್ಲಿ ನನ್ನ ಫ್ಲಾಸ್ಕು, ಹತ್ತೊಂಬತ್ತು ವರ್ಷದ ಸಂಗಾತಿ. ಬಲಗಂಕುಳಲ್ಲಿ ಎಲ್ಬಿಯೋನದು, ಪಂದ್ಯ ಮುಗಿದ ಕೂಡಲೇ ಪಥ್ಯ ಮುರಿಸುತ್ತೇನೆಂದು ಮಾತು ಕೊಟ್ಟಿದ್ದೆ. ನಮ್ಮವರು ಗೋಲು ಹೊಡೆಯಲಿಲ್ಲ. (ಅವರು ಹೊಡೆಯುವುದೂ ಇಲ್ಲ, ಅದು ಬೇರೆ ತರಬೇತಿದಾರನ ಹೆಂಡತಿಯ ತಲೆನೋವು.) ಬಂದರಿನವರ ಪ್ರೇಕ್ಷಕರು “ಗ್ರಂಥಾಲಯ! ಗ್ರಂಥಾಲಯ!” ಎಂದು ಕೂಗುತ್ತಲೇ ಇದ್ದರು. ಮುಗಿಯಲು ಎರಡು ನಿಮಿಷವಿತ್ತು. ಅವರ ಒಬ್ಬ ಗಿಡ್ಡ ಮುನ್ನುಗ್ಗಿ ಬಂದು ಎಡಗಡೆ ಕೆಳಮೂಲೆಗೇ ಗುರಿಯಿಟ್ಟು ಒದ್ದ.

ಎರಡು ಹೆಜ್ಜೆ. ಒತ್ತು. ಕೈ ತೆರೆಯಿತು! ಬೆರಳ ತುದಿ ತಾಗಿ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

“ಗ್ರಂಥಾಲಯಕ್ಕೆ ಇವತ್ತು ರಜಾ!” ಎಂದು ಎರಡೂ ಕೈ ಆಕಾಶಕ್ಕೆತ್ತಿ ಕಿರುಚಿದೆ. ಕಾಲ ಬುಡದಲ್ಲಿ ಫಳ್, ಫಳ್ ಎಂದು ಎರಡು ಸದ್ದಾಯಿತು. ಎಲ್ಬಿಯೋನನ್ನು ಗುಣಪಡಿಸುವ ಭರದಲ್ಲಿ ನಾನೂ ಗುಣವಾಗಿಬಿಟ್ಟಿದ್ದೆ.

ಸೊನ್ನೆ–ಸೊನ್ನೆ. ಇಟ್ಟಿಗೆಗೂಡಿಗೆ ಅದು ದಿಗ್ವಿಜಯ. ಅಪಾರಿಸಿಯೋ ಕ್ಲಬ್ಬಿನ ಹಿಂದೆ ಕೆಂಡ ಹಾಕಿ ಅರ್ಧ ಹೋರಿಯನ್ನೇ ಸುಡಲು ಇಟ್ಟ. “ನಿಕಾನೋರ್, ಇನ್ನು ನೀನು ಸಾಯೋವರೆಗೂ ಈ ಗೋಲು ನಿಂದೇ!” ಎಂದು ಘೋಷಿಸಿದ. ನಾನು ಸಾಸೇಜು ಕಚ್ಚುತ್ತಾ ಮನಸ್ಸಿನಲ್ಲೇ ನನ್ನ ಕುರ್ಚಿ, ಬೋಗುಣಿ, ಎಸ್ತೆಲಿತಾ ಎಲ್ಲರನ್ನೂ ಬರಮಾಡಿಕೊಂಡೆ. ಯಜಮಾನರು ಗ್ಲಾಸು ಹಿಡಿದು ಎದ್ದು ನಿಂತರು.

“ಗೆಳೆಯರೇ, ಮೂವತ್ತು ವರ್ಷ ನಾನು ಕಾಲನ್ನೇ ನೋಡಿದೆ. ಕೈ ನೋಡಿದ್ದು ನನ್ನ ಮುದುಕಿ. ಅಂದ್ರೆ ನನ್ನ ಕಣ್ಣಿಗೆ ವಯಸ್ಸಾಯ್ತು. ಆದ್ರೆ ಹೋದ ವಾರ ನಾನೊಂದು ಫ್ಲಾಸ್ಕು ಹಿಡಿದೆ, ನೀವೆಲ್ಲ ನೋಡಿದೀರಿ. ಅದಕ್ಕಿಂತ ಒಳ್ಳೇದನ್ನ ಇನ್ನು ನಾನು ಹಿಡಿಯಲ್ಲ. ಮನುಷ್ಯ ಮೇಲಿದ್ದಾಗ ಇಳೀಬೇಕು. ನಾಳೆಯಿಂದ ನಾನು ಮನೇಲಿ, ಇವಳ ಪಕ್ಕದಲ್ಲಿ.”

ಸಾಸೇಜು ಗಂಟಲಲ್ಲಿ ನಿಂತಿತು. ಎಲ್ಬಿಯೋ ಬೆನ್ನು ಗುದ್ದಿ ಇಳಿಸಿದ, ಎಡಗೈಯಲ್ಲೇ.

“ಹಂಗಾದ್ರೆ ಕಲಿಸೋರು ಯಾರು?” ಎಂದು ಯಾರೋ ಕೇಳಿದರು.

“ಇದೇನು ಕೇಳೋ ಮಾತಾ?” ಎಂದ ಅಪಾರಿಸಿಯೋ. “ದೋನ್ಯಾ ತೋಮಾಸಾ!”

“ನಾನು ಮೂರನೇ ಕ್ಲಾಸು ಓದಿದವಳಪ್ಪಾ!”

“ಗೋಲುಕಂಬ ಎಷ್ಟನೇ ಕ್ಲಾಸು ಓದಿದೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೇಡ ಎನ್ನಬಹುದಿತ್ತು. ಆದರೆ ಆ ಗಳಿಗೆಯಲ್ಲೇ ನನ್ನ ತಲೆ ಮಿಂಚಿನಂತೆ ಲೆಕ್ಕ ಹಾಕಿತು: ಅವರು ಮನೆಯಲ್ಲಿ, ನಾನು ಮೈದಾನದಲ್ಲಿ. ಎರಡರಿಂದ ಐದು, ಗಂಡನಿಲ್ಲದ ಮೂರು ಗಂಟೆ, ಹೇಗಾದರೂ ಸಿಕ್ಕಿತಲ್ಲ! ಇಷ್ಟು ಜಾಣ ಹೆಂಗಸು ಪೈಸಾಂದುವಿನಲ್ಲಿ ಇನ್ನೊಬ್ಬಳಿಲ್ಲ ಎಂದುಕೊಂಡು ಒಪ್ಪಿದೆ.

ಈಗ ಜುಲೈ, ನಮ್ಮ ದೇಶದಲ್ಲಿ ನಡುಚಳಿಗಾಲ. ನದಿಯ ಕಡೆಯಿಂದ ಬೀಸುವ ಗಾಳಿ ಕಿವಿಯನ್ನು ಕತ್ತರಿಸುತ್ತದೆ. ಎಲ್ಬಿಯೋ ಅಲ್ಲದೆ ಇನ್ನೂ ನಾಲ್ವರು ನನ್ನ ಹತ್ತಿರ ಕೈ ಬಿಡುವುದನ್ನು ಕಲಿಯುತ್ತಿದ್ದಾರೆ, ಕ್ಲಬ್ಬಿಗೆ ಹೆಸರು ಬಂದಿದೆ, ನನಗೆ ನೆಗಡಿ ಬಂದಿದೆ. ನಿನ್ನೆ ಎರಡೂಮುಕ್ಕಾಲಿಗೆ ಮಳೆ ಹಿಡಿಯಿತು. ಎಲ್ಲರನ್ನೂ ಕಳಿಸಿ, ತೊಯ್ದ ಚೆಂಡಿನ ಚೀಲ ಹೊತ್ತು ಮನೆಗೆ ಬಂದೆ.

ಬಾಗಿಲು ತೆಗೆದರೆ ಕರಿದ ರೊಟ್ಟಿಯ ಘಮ. ಮಳೆ ಬಂದಾಗ ನಮ್ಮಲ್ಲಿ ಎಲ್ಲರೂ ಕರಿಯುತ್ತಾರೆ. ನಮ್ಮ ಮನೆಯಲ್ಲಿ ಇಷ್ಟು ದಿನ ಕರಿದದ್ದು ನಾನು. ಕಿಟಕಿಯ ಪಕ್ಕ ನನ್ನ ಕುರ್ಚಿಯಲ್ಲಿ ಯಜಮಾನರು. ನನ್ನ ಬೋಗುಣಿಯ ಬಿಸಿನೀರಿನಲ್ಲಿ ಅವರ ಎರಡೂ ಪಾದ. ತೊಡೆಯ ಮೇಲೆ ರೊಟ್ಟಿಯ ತಟ್ಟೆ, ಕಿವಿಯ ಹತ್ತಿರ ರೇಡಿಯೋ.

“ಮುದುಕಾ…” ಎಂದೆ.

“ಶ್!” ಎಂದು ಬೆರಳೆತ್ತಿದರು. “ಎಸ್ತೆಲಿತಾ ಬಾಗಿಲು ತೆಗೀತಾ ಇದಾಳೆ.”

ಎಸ್ತೆಲಿತಾ ಬಾಗಿಲು ತೆಗೆದಳು, ಯಾರನ್ನೋ ಕಂಡು ಚೀರಿದಳು, ಸಂಗೀತ ಬಂತು, ಮುಗಿಯಿತು. ಯಾರನ್ನು ಕಂಡಳೋ ನನಗೆ ಗೊತ್ತಾಗಲಿಲ್ಲ. ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ, ನೀರು ಸುರಿಯುತ್ತಿದ್ದ ಚೀಲವನ್ನೂ ಕೆಸರಾದ ನನ್ನ ಬೂಟನ್ನೂ ಒಮ್ಮೆ ನೋಡಿ, ಬಹಳ ಪ್ರೀತಿಯಿಂದ ಕೇಳಿದರು:

“ಇಷ್ಟು ಬೇಗ ಬಂದ್ಯಾ, ಮುದುಕಿ?”

ಆ ಪ್ರೀತಿ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಅದು ನನ್ನದೇ ಆಗಿತ್ತು.